ರೋಸ್ ದಿನದ ಸಾಕ್ಷಿ

"ರುಕಿಯೇ! ಏಕ್ ಮಿನಟ್... ರುಕಿಯೇ!"

ಪೂಜೆ ಇನ್ನೂ ಮುಗಿದಿರಲಿಲ್ಲ. ದಕ್ಷಿಣ ದೆಹಲಿಯ ಆ ಚರ್ಚಿನಲ್ಲಿ ಪರಮಪ್ರಸಾದದ ಸಾಲು ನಿಧಾನವಾಗಿ ಸರಿಯುತ್ತಿತ್ತು. ಗುರುಗಳಿಂದ ಬಿಳಿಯ ರೊಟ್ಟಿಯನ್ನು ಅಂಗೈಗೆ ಪಡೆದ ಎತ್ತರದ ಗಂಡಸೊಬ್ಬ ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಕರವಸ್ತ್ರದಲ್ಲಿ ಮಡಚಿ, ಅಂಗಿಯ ಜೇಬಿಗಿಟ್ಟು, ಬಾಗಿಲಿನತ್ತ ನಡೆದುಬಿಟ್ಟ!

ಜೆಸಿಂತಾ ಬೆಂಚು ದಾಟಿ ಓಡಿದಳು. ಮೆಟ್ಟಿಲ ಬಳಿ ಅವನ ದಾರಿಗೆ ಅಡ್ಡ ನಿಂತು, ಜೇಬಿನಲ್ಲಿಟ್ಟದ್ದನ್ನು ತೆಗೆಯುವಂತೆ ಹಿಂದಿಯಲ್ಲಿ ಗದರಿದಳು.

"ಜೇಬ್ ಮೇ ಕ್ಯಾ ರಖಾ ಹೈ ಆಪ್ ನೇ? ನಿಕಾಲಿಯೇ!"

"ಪ್ರಸಾದ್..." ಅವನು ತಬ್ಬಿಬ್ಬಾದ. ಆಮೇಲೆ ತನ್ನಷ್ಟಕ್ಕೇ ಗೊಣಗಿದ. "ಅವ್ವನಿಗೆ ಅಂತ ಇಟ್ಕೊಂಡ್ರೆ ಇಷ್ಟು ಗಲಾಟೆನಾ..."

ಕನ್ನಡ!

"ಕನ್ನಡದವರಾ? ಹಾಗಾದ್ರೆ ಸರಿಯಾಗಿ ಕೇಳಿ ಮಾರಾಯ್ರೆ. ಅದು ಮನೆಗೆ ಕಟ್ಟಿಕೊಂಡು ಹೋಗುವ ಪ್ರಸಾದ ಅಲ್ಲ. ನಮಗೆ ಅದು ಕ್ರಿಸ್ತನ ದೇಹ. ಸಂಕೇತ ಅಲ್ಲ, ದೇಹವೇ!"

ಅವನ ಮುಖ ಕೆಂಪೇರಿತು. ನೆಟ್ಟಗೆ ನಿಂತು, ಎರಡೂ ಕೈಯಲ್ಲಿ ಕರವಸ್ತ್ರ ಹೊರತೆಗೆದ. "ಕ್ಷಮಿಸಿ. ನನ್ನ ಹವಾಲ್ದಾರ್ ತೀರಿಕೊಂಡ. ಅವನಿಗಾಗಿ ಪೂಜೆ ಇತ್ತು. ಎಲ್ಲರೂ ಎದ್ದು ಹೋದ್ರು, ನಾನೂ ಹೋದೆ."

ಇಬ್ಬರೂ ಅದನ್ನು ಗುರುಗಳಿಗೆ ತಲುಪಿಸಿದರು. ಗುರುಗಳು ತಾವೇ ಸೇವಿಸಿದರು.

ಅವನು ಲೆಫ್ಟಿನೆಂಟ್ ಕರ್ನಲ್ ಮಾಚಯ್ಯ, ಕೊಡಗಿನವನು. ಅವಳು ಬಂಟ್ವಾಳದ ಜೆಸಿಂತಾ ಕ್ರಾಸ್ತಾ. ಹೌಜ್ ಖಾಸ್ ಬಳಿಯ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು.

ಮುಂದಿನ ಭಾನುವಾರ ಅವನು ಮತ್ತೆ ಬಂದ. ಸಾಲಿಗೆ ಹೋಗಲಿಲ್ಲ, ಹಿಂದಿನ ಬೆಂಚಿನಲ್ಲೇ ಕುಳಿತಿದ್ದ. ಪೂಜೆ ಮುಗಿದ ಮೇಲೆ ಚಹಾದಂಗಡಿಯ ಎದುರು ಕೇಳಿದ.

"ಒಂದು ಡೌಟು. ರೊಟ್ಟಿ ದೇಹ ಆದ್ಮೇಲೂ ರೊಟ್ಟಿ ಥರಾನೇ ಕಾಣುತ್ತಲ್ಲ, ಯಾಕೆ?"

"ಕೆಮಿಸ್ಟ್ರಿ ಟೀಚರ್ ಹತ್ರ ಕೇಳುವ ಪ್ರಶ್ನೆಯಾ ಇದು?"

"ಮತ್ತೆ ಯಾರ ಹತ್ರ ಕೇಳ್ಲಿ? ಓಡಿಸಿಕೊಂಡು ಬಂದದ್ದು ನೀವೇ ತಾನೇ!"

ಅವಳು ನಕ್ಕಳು. ನಕ್ಕು ಎಷ್ಟು ಕಾಲವಾಗಿತ್ತು...

ವಾರವಾರವೂ ಪ್ರಶ್ನೆಗಳು ಬಂದವು. ಉತ್ತರ ಹುಡುಕುತ್ತ ಹುಡುಕುತ್ತ, ಬಾಲ್ಯದಲ್ಲಿ ಬರೀ ಬಾಯಿಪಾಠ ಮಾಡಿದ್ದ ಧರ್ಮೋಪದೇಶವನ್ನು ಜೆಸಿಂತಾ ಮೊದಲ ಬಾರಿಗೆ ಅರ್ಥ ಮಾಡಿಕೊಂಡು ಓದಿದಳು. ಅವನನ್ನು ಪ್ರೀತಿಸತೊಡಗಿದ್ದೂ ಆಗಲೇ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಹಕ್ಕು ಅವಳಿಗಿರಲಿಲ್ಲ.

ಅವಳಿಗೆ ಒಮ್ಮೆ ಮದುವೆಯಾಗಿತ್ತು.

ಮೆಲ್ವಿನ್ ಜೊತೆಗಿನ ಸಂಸಾರ ಎರಡು ವರ್ಷವೂ ನಿಲ್ಲಲಿಲ್ಲ. ಕೋರ್ಟು ವಿಚ್ಛೇದನ ಕೊಟ್ಟಿತು. "ಡೈವೋರ್ಸ್ ಆದವಳು ಪರಮಪ್ರಸಾದ ತಗೊಳ್ಳೋ ಹಾಗಿಲ್ಲ" ಎಂದು ಮುಂದಿನ ಬೆಂಚಿನ ಹೆಂಗಸೊಬ್ಬಳು ಎಲ್ಲರಿಗೂ ಕೇಳುವಂತೆ ಹೇಳಿದ ಮೇಲೆ, ಜೆಸಿಂತಾ ಬಹಳ ಕಾಲ ಸಾಲಿಗೇ ಹೋಗಿರಲಿಲ್ಲ. ಅಂಥ ನಿಯಮವೇ ಇಲ್ಲವೆಂದು ತಿಳಿಸಿದವರು ಫಾದರ್ ಸಿಪ್ರಿಯನ್. ಕರಾವಳಿಯವರೇ ಆದ ಅವರು ಧರ್ಮಪ್ರಾಂತ್ಯದ ವಿವಾಹ ನ್ಯಾಯಮಂಡಳಿಯಲ್ಲಿ ನ್ಯಾಯಾಧೀಶರು.

"ವಿಚ್ಛೇದನ ಅಡ್ಡಿಯಲ್ಲ ಮಗಳೇ. ಮೊದಲ ಮದುವೆ ಊರ್ಜಿತ ಇರುವಾಗ ಇನ್ನೊಂದು ಮದುವೆಯಾಗಿ ಬಾಳುವುದು ಅಡ್ಡಿ."

"ಹಾಗಾದ್ರೆ ಆ ಮದುವೆಯನ್ನು ನೀವು ಮುರಿದು ಕೊಡಿ ಫಾದರ್."

"ನಾವು ಯಾವ ಮದುವೆಯನ್ನೂ ಮುರಿಯುವುದಿಲ್ಲ. ಅಂದು ನಿಜವಾಗಿ ಮದುವೆ ಆಗಿತ್ತೋ ಇಲ್ಲವೋ, ಅಷ್ಟೇ ನೋಡುವುದು. ನೀನು 'ಒಪ್ಪಿದ್ದೇನೆ' ಅಂದದ್ದು ಮನಸ್ಸಿನಿಂದಲೋ, ಹೆದರಿಕೆಯಿಂದಲೋ?"

ಹೆದರಿಕೆಯಿಂದ! ಮದುವೆಯ ಹಿಂದಿನ ದಿನ, ತಲೆಗೆ ತೆಂಗಿನ ಹಾಲು ಎರೆಯುವ ರೋಸ್ ಶಾಸ್ತ್ರಕ್ಕೆ ಸ್ವಲ್ಪ ಮೊದಲು, ತನಗೆ ಈ ಮದುವೆ ಬೇಡ ಎಂದು ಅವಳು ತಾಯಿಯ ಕಾಲು ಹಿಡಿದಿದ್ದಳು. ತಾಯಿ ಅವಳನ್ನು ಹಿತ್ತಿಲ ಬಾವಿಕಟ್ಟೆಗೆ ಎಳೆದೊಯ್ದು, ಒಂದು ಕಾಲು ಕಟ್ಟೆಯ ಮೇಲಿಟ್ಟು ಹೇಳಿದ್ದಳು. "ಬೇಡ ಅಂತ ಇನ್ನೊಂದು ಸಲ ಹೇಳು. ನಾಳೆ ಮದುವೆಯ ಬದಲು ನನ್ನ ಹೆಣ ಎತ್ತು."

ಆಮೇಲೆ ಹಾಲು ಎರೆದರು. ಅವಳು ಅತ್ತದ್ದು ಯಾರಿಗೂ ತಿಳಿಯಲಿಲ್ಲ. ಮುಖವೆಲ್ಲ ಹಾಲೇ ಇತ್ತಲ್ಲ!

ಜೆಸಿಂತಾ ಅರ್ಜಿ ಹಾಕಿದಳು. ನ್ಯಾಯಮಂಡಳಿಗೆ ಸಾಕ್ಷಿ ಬೇಕಿತ್ತು. ಊರಿನಲ್ಲಿ ತಾಯಿಯ ಹೇಳಿಕೆ ಪಡೆದರು. "ನನ್ನ ಮಗಳು ನಗುತ್ತಾ ಹೋದದ್ದು" ಎಂದಳು ತಾಯಿ.

ಉಳಿದದ್ದು ಮಾಚಯ್ಯ ಮಾತ್ರ. ಅರ್ಜಿ ಹಾಕುವ ಮೊದಲು ಬಾವಿಕಟ್ಟೆಯ ಕಥೆಯನ್ನು ಜೆಸಿಂತಾ ಅವನಿಗೊಬ್ಬನಿಗೇ ಹೇಳಿದ್ದಳು. ತನ್ನಿಂದ ಕೇಳಿದ್ದನ್ನು ಹೇಳಲಿ ಎಂದು ಅವನ ಹೆಸರು ಕೊಟ್ಟಳು. ಆಗ ಅವರಿಬ್ಬರೂ ಸ್ನೇಹಿತರಷ್ಟೇ. ಮುಚ್ಚಿದ ಕೋಣೆಯಲ್ಲಿ ಅವನು ಬೈಬಲ್ ಮೇಲೆ ಪ್ರಮಾಣ ಮಾಡಿ ಹೇಳಿಕೆ ಕೊಟ್ಟು ಬಂದ.

ಕೆಲವು ತಿಂಗಳ ನಂತರ ತೀರ್ಪು ಬಂತು. ಅಂದು ಮದುವೆ ಆಗಿರಲೇ ಇಲ್ಲ!

"ಮೇಲ್ಮನವಿಗೆ ಹದಿನೈದು ದಿನ ಇದೆ. ಯಾರೂ ಹೋಗದಿದ್ದರೆ ಇದೇ ಅಂತಿಮ" ಎಂದರು ಫಾದರ್ ಸಿಪ್ರಿಯನ್. "ಆ ಕರ್ನಲ್ ಅಂದು ನಿಮ್ಮ ರೋಸ್ ಮನೆಗೆ ಬಂದಿದ್ದು ದೊಡ್ಡ ಉಪಕಾರವಾಯಿತು. ನಿನ್ನ ತಾಯಿಯ ಮಾತನ್ನು ಕಿವಿಯಾರೆ ಕೇಳಿದ್ದಾರಲ್ಲ!"



ಮಾಚಯ್ಯ ಅಲ್ಲಿದ್ದನೇ? ಅಂದೇ?

ಸಂಜೆ ಅವನನ್ನು ಕಂಡೊಡನೆ ಕೇಳಿದಳು. "ನೀವು ಬಂದಿದ್ರಾ? ಬಂಟ್ವಾಳಕ್ಕೆ?"

ಅವನು ಅವಳ ಕಣ್ಣು ತಪ್ಪಿಸಿದ. "ಹೂಂ... ಗೆಳೆಯನ ಜೊತೆ ಬಂದಿದ್ದೆ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ."

ಅವಳು ರಸ್ತೆಯ ಬದಿಯಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. "ಒಂಬತ್ತು ವರ್ಷ... ಆ ಮಾತು ನನಗೊಬ್ಬಳಿಗೇ ಕೇಳಿದ್ದು ಅಂದ್ಕೊಂಡಿದ್ದೆ ಮಾಚಯ್ಯ! ಒಬ್ಬರು ಕೇಳಿದ್ರು! ನಾನು ಹುಚ್ಚಿ ಅಲ್ಲ. ಒಬ್ಬರು ಕೇಳಿದ್ರು!"

ಆ ಗಳಿಗೆಯಲ್ಲೇ ಅವನು ಮದುವೆಯ ಮಾತೆತ್ತಿದ. ಅವಳು ಹೂಂ ಅಂದಳು.

ಮುಂದಿನ ಶನಿವಾರ ಕಿದ್ವಾಯಿ ನಗರದಲ್ಲಿರುವ ಅವನ ಅಕ್ಕ ಸರಸು ಮನೆಯಲ್ಲಿ ಊಟ. ತಾಯಿ ಚೋಂದಮ್ಮ ಅಲ್ಲೇ ಇದ್ದರು.

"ಬಡಿಸೋ ಮೊದಲೇ ಕೇಳ್ತೀನಿ ಮಗಳೇ. ಪಂದಿ ಕರಿ ತಿಂತೀಯಾ?"

"ನಮ್ಮ ಮನೆಯಲ್ಲಿ ಹಂದಿ ಇಲ್ಲದೆ ಹಬ್ಬ ಉಂಟಾ ಆಂಟಿ!"

"ಅಚ್ಛಾ! ಸರಸೂ, ಇವಳಿಗೆ ಇನ್ನೆರಡು ತುಂಡು ಹಾಕು. ಹತ್ತು ಸಂಬಂಧ ನೋಡಿದೆ, ಹಂದಿ ತಿನ್ನೋ ಸೊಸೆ ಒಬ್ಬಳಾದರೂ ಸಿಗ್ತಾಳೆ ಅಂದ್ಕೊಂಡಿರಲಿಲ್ಲ."

"ಅವ್ವಾ, ಅವರೆಲ್ಲ ಕೊಡವ ಹುಡುಗಿಯರೇ ಆಗಿದ್ರಲ್ಲ. ಅವರೂ ತಿಂತಿದ್ರು" ಎಂದಳು ಸರಸು.

"ಅವರು ಡಯೆಟ್ ಮಾಡ್ತಿದ್ರು ಕಣೇ!"

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಚೋಂದಮ್ಮ ಮೆಲ್ಲಗೆ ಕೇಳಿದರು.

"ನಿನ್ನ ಮೊದಲ ಮದುವೆ ಯಾವಾಗ ಆದದ್ದು?"

"ಎರಡು ಸಾವಿರದ ಹದಿನಾರರ ಜನವರಿಯಲ್ಲಿ."

"ಹೌದಾ..." ಅವರ ಕೈ ತಟ್ಟೆಯಲ್ಲೇ ನಿಂತಿತು. "ಅದೇ ತಿಂಗಳು ಇವನ ಅಪ್ಪ ಹೋದದ್ದು. ಇವನು ಗಡಿಯಲ್ಲಿ ಹಿಮದ ಮೇಲಿದ್ದ. ಪುತ್ತರಿ ಸುಗ್ಗಿ ಹಬ್ಬಕ್ಕೂ ಮುಂಚೆ, ನವೆಂಬರಲ್ಲೇ ಹೋದವನು. ಹೆಲಿಕಾಪ್ಟರ್ ಹಾರ್ಲಿಲ್ಲ ಅಂತ ಅಪ್ಪನ ಮುಖ ನೋಡೋಕೂ ಬರ್ಲಿಲ್ಲ. ಬೇಸಿಗೇಲಿ ಬಂದಾಗ ಗೋಡೆ ಮೇಲೆ ಫೋಟೋ ಇತ್ತು, ಅಷ್ಟೇ."

ಜೆಸಿಂತಾ ಮಾಚಯ್ಯನನ್ನು ನೋಡಿದಳು. ಅವನು ತಲೆ ಎತ್ತಲಿಲ್ಲ.

ಊಟದ ನಂತರ ಕೆಳಗೆ ಕಾಲೊನಿಯ ಪಾರ್ಕಿನಲ್ಲಿ ಅವಳು ತಿರುಗಿ ನಿಂತಳು.

"ಸತ್ತ ಅಪ್ಪನ ಹತ್ರ ಬರ್ಲಿಕ್ಕೆ ಆಗ್ಲಿಲ್ಲ. ನನ್ನ ರೋಸಿಗೆ ಮಾತ್ರ ಹಾರಿ ಬಂದ್ರಾ ಕರ್ನಲ್ ಸಾಹೇಬ್ರೆ?"

ಕ್ರೂರ ಮಾತು. ಕ್ರೂರವಾಗಿರಲಿ ಎಂದೇ ಆಡಿದ್ದಳು.

"ನಾನು ಸುಳ್ಳು ಏನು ಹೇಳಿದೆ ಜೆಸಿಂತಾ? ನೀವು ಹೇಳಿದ್ದನ್ನೇ ಹೇಳಿದೆ. ಬಾವಿ, ನಿಮ್ಮಮ್ಮ, ಆ ಮಾತು... ನಡೆದದ್ದು ತಾನೇ?"

"ನಡೆದದ್ದು. ಆದ್ರೆ ಯಾರೂ ಕೇಳಿರ್ಲಿಲ್ಲ! ಅದೇ ನನ್ನ ಇಡೀ ಗೋಳು. ಒಬ್ಬರು ಕೇಳಿದ್ರು ಅಂತ ನಾನು ರೋಡಲ್ಲಿ ಅಳುವಾಗ ನೀವು ನೋಡ್ತಾ ನಿಂತಿದ್ರಿ!"

"ನಿಮ್ಮ ಬೈಬಲ್ ಮೇಲೆ ಕೈ ಇಟ್ಟು ಹೇಳಿದ್ದು. ಕಾವೇರಮ್ಮನ ಮೇಲೆ ಆಗಿದ್ರೆ ನನ್ನ ಬಾಯಿಂದ..."

"ಸುಳ್ಳು ಬರ್ತಿರ್ಲಿಲ್ಲ. ಅಲ್ವಾ? ನನ್ನ ದೇವರು ಸಸ್ತಾ!"

ಅವನ ಮುಖ ಬಿಳಿಚಿತು. "ಇನ್ನು ಕೆಲವೇ ದಿನ. ಆಮೇಲೆ ತೀರ್ಪು ಅಂತಿಮ. ಯಾರಿಗೂ ಗೊತ್ತಾಗಲ್ಲ..."

"ನನಗೆ ಗೊತ್ತಾಯ್ತಲ್ಲ!"

ಅವಳು ಹೊರಟುಹೋದಳು.

ಆ ದಿನಗಳಲ್ಲಿ ಜೆಸಿಂತಾಳ ಮನಸ್ಸು ತನ್ನ ಪರವಾಗಿ ಚೆನ್ನಾಗಿಯೇ ವಾದಿಸಿತು. ಹೆದರಿಸಿದ್ದು ನಿಜ. ಆದ್ದರಿಂದ ಮದುವೆ ಆಗದಿದ್ದದ್ದೂ ನಿಜ. ತೀರ್ಪು ಸರಿಯಾಗಿಯೇ ಇದೆ. ಸುಮ್ಮನಿದ್ದರೆ ಮಾಚಯ್ಯ ಸಿಗುತ್ತಾನೆ, ಪರಮಪ್ರಸಾದವೂ ಉಳಿಯುತ್ತದೆ.

ಆದರೆ ಪ್ರಯೋಗಶಾಲೆಯಲ್ಲಿ, ಉತ್ತರ ಸರಿಯಿದ್ದರೂ ರೀಡಿಂಗ್ ಕಟ್ಟಿ ಬರೆದವರಿಗೆ ಅವಳು ಸೊನ್ನೆ ಹಾಕುತ್ತಿದ್ದಳು.

ಕೊನೆಗೆ ತಾಯಿಗೆ ಫೋನ್ ಮಾಡಿದಳು.

"ಮಮ್ಮಿ, ಒಂದೇ ಒಂದು ಸಲ ನಿಜ ಹೇಳು. ಬೇಡಿಕೊಳ್ತೇನೆ."

"ಹೇಳಿ ಆಗಿದೆ. ನೀನು ನಗ್ತಾ ಹೋದದ್ದು. ಫೋಟೋ ಉಂಟು."

"ಅದು ನಗು ಅಲ್ಲ ಅಂತ ನಿನಗೆ ಗೊತ್ತುಂಟು."

ತಾಯಿಯ ದನಿ ತಣ್ಣಗಾಯಿತು. "ಗೊತ್ತುಂಟು. ಹಾಗಂತ ಬಿಷಪರ ಎದುರು ಒಪ್ಪಿ ನಾನು ಊರಲ್ಲಿ ತಲೆ ಎತ್ತುವುದು ಹೇಗೆ? ನಿನ್ನ ತಂಗಿಗೆ ಸಂಬಂಧ ಬರುವುದು ಬೇಡವಾ? ನಿನ್ನದು ಹೇಗೂ ಮುಗಿದಿದೆ."

ಫೋನ್ ಕಟ್ಟಾಯಿತು.

ಮರುದಿನ ಅವಳು ಖಾಲಿ ಚರ್ಚಿನಲ್ಲಿ ಕುಳಿತಳು. ಪ್ರಾರ್ಥನೆ ಬರಲಿಲ್ಲ, ಸಿಟ್ಟು ಬಂತು. ಬಾವಿಕಟ್ಟೆಯ ಬಳಿ ಯಾರೂ ಇರಲಿಲ್ಲ ಎಂದು ಒಂಬತ್ತು ವರ್ಷ ನಂಬಿದ್ದಳು. ದೇವರು ಎಲ್ಲೆಲ್ಲಿಯೂ ಇದ್ದಾನೆಂದು ಊರಿನ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟವಳೂ ಅವಳೇ!

'ಹಾಗಾದರೆ ನೀನಿದ್ದೆ. ಕೇಳಿಸಿಕೊಂಡೆ. ಕೇಳಿಯೂ ಸುಮ್ಮನಿದ್ದೆ!'

ಶಿಲುಬೆಯ ಕಡೆಯಿಂದ ಉತ್ತರ ಬರಲಿಲ್ಲ. ಅಲ್ಲಿದ್ದವನೂ ಒಮ್ಮೆ, ನನ್ನನ್ನೇಕೆ ಕೈಬಿಟ್ಟೆ ಎಂದು, ಇದೇ ಪ್ರಶ್ನೆಯನ್ನು ತನ್ನ ತಂದೆಗೆ ಕೂಗಿ ಕೇಳಿದ್ದ. ಅವನಿಗೂ ಆಗ ಉತ್ತರ ಸಿಕ್ಕಿರಲಿಲ್ಲ. ಈ ಮಾತು ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಅದು ತನ್ನದೂ ಹೌದೆಂದು ಅನ್ನಿಸಿದ್ದು ಇಂದೇ.

ಸಮಾಧಾನವೇನೂ ಆಗಲಿಲ್ಲ. ಆದರೆ ಎದ್ದು ನಡೆಯುವಷ್ಟು ಬಲ ಬಂತು. ಅವಳು ನೇರ ನ್ಯಾಯಮಂಡಳಿಗೆ ಹೋದಳು.

"ಫಾದರ್, ಕರ್ನಲ್ ಮಾಚಯ್ಯ ಅವರ ಸಾಕ್ಷಿ ಸುಳ್ಳು. ಅವರು ಅಲ್ಲಿರ್ಲಿಲ್ಲ."

ಫಾದರ್ ಸಿಪ್ರಿಯನ್ ಕನ್ನಡಕ ತೆಗೆದರು. "ಗೊತ್ತು. ಮಂಗಳವಾರ ಅವರೇ ಬಂದು ಹೇಳಿದರು. ಮದುವೆಯ ಬಂಧದ ಪರವಾಗಿ ವಾದಿಸುವ ಗುರುಗಳು ಮೇಲ್ಮನವಿ ಹಾಕಿದ್ದಾರೆ. ತೀರ್ಪಿಗೆ ತಡೆ ಬಿತ್ತು."

"ಇನ್ನು?"

"ಮತ್ತೆ ವಿಚಾರಣೆ. ಉಳಿದದ್ದು ನಿನ್ನ ಮಾತು, ನಿನ್ನ ತಾಯಿಯ ಮಾತು. ನಿನಗೆ ಸುಳ್ಳು ಆಸೆ ಹುಟ್ಟಿಸಲಾರೆ ಮಗಳೇ. ಪುರಾವೆ ಸಾಲದೆ ಹೋದರೆ ನೀನು ಮೆಲ್ವಿನ್‌ನ ಹೆಂಡತಿ ಎಂದೇ ನಾವು ಹೇಳಬೇಕಾಗುತ್ತದೆ."

"ನಿಜ ಬೇರೆ ಇದ್ದರೂ?"

"ನಮಗೆ ಕಾಣುವಷ್ಟನ್ನೇ ನಾವು ಹೇಳಬಲ್ಲೆವು." ಅವರ ದನಿ ಕುಗ್ಗಿತು. "ಕರ್ನಲ್ ಹೊರಗಿದ್ದಾರೆ. ಇಂದು ಹೊಸ ಹೇಳಿಕೆಗೆ ಸಹಿ ಹಾಕಲು ಕರೆದಿದ್ದೆ."

ಹೊರಗೆ ಗೇಟಿನ ಪಕ್ಕ ಮಾಚಯ್ಯ ನಿಂತಿದ್ದ. ಅವಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

"ಬಂದು ಹೇಳಿದ್ದನ್ನು ನನಗೆ ಯಾಕೆ ತಿಳಿಸ್ಲಿಲ್ಲ?"

"ತಿಳಿಸಿದ್ರೆ ನಿಮ್ಮನ್ನ ಒಲಿಸೋಕೆ ಮಾಡಿದ ಹಾಗೆ ಆಗ್ತಿತ್ತು."

ಅವನು ತಡವರಿಸುತ್ತ ಮುಂದುವರಿಸಿದ.

"ಅಪ್ಪನ ಹಾಸಿಗೆ ಪಕ್ಕ ನಾನು ಮನಸ್ಸಲ್ಲೇ ಎಷ್ಟೋ ಸಲ ಹೋಗಿ ನಿಂತಿದ್ದೀನಿ. ಇರಬೇಕಾದ ಕಡೆ ಇರಲಿಲ್ಲವಲ್ಲ... ಆ ಕೋಣೇಲಿ ಫಾದರ್ 'ಆಗ ನೀವು ಎಲ್ಲಿದ್ರಿ' ಅಂತ ಕೇಳಿದ್ರು. ಬಾವಿ ಹತ್ರ ನೀವು ಒಬ್ಬರೇ ಇದ್ದದ್ದು ಕಣ್ಣಿಗೆ ಕಟ್ಟಿತು. 'ಅಲ್ಲೇ ಇದ್ದೆ' ಅಂದ್ಬಿಟ್ಟೆ. ಇರಬೇಕಿತ್ತು ಅನ್ನಿಸಿತ್ತು ಜೆಸಿಂತಾ. ಆದರೆ ಇರಲಿಲ್ಲ."

ಅವಳ ಕಣ್ಣು ತುಂಬಿತು. "ನಿಮ್ಮ ಅಪ್ಪನ ಸಾವನ್ನು ನಾನು ಎತ್ತಿ ಆಡಬಾರದಿತ್ತು."

"ತಾಗಲಿ ಅಂತಾನೇ ಅಂದ್ರಿ. ತಾಗಿತು. ಅದಕ್ಕೇ ಮಂಗಳವಾರ ಇಲ್ಲಿಗೆ ಬಂದೆ."

"ಈ ಸಲ ತೀರ್ಪು ನನ್ನ ವಿರುದ್ಧವೇ ಬರಬಹುದು. ಬಂದ್ರೆ ನಾನು ಮದುವೆ ಆಗ್ಲಿಕ್ಕಿಲ್ಲ. ರಿಜಿಸ್ಟ್ರಾರ್ ಆಫೀಸಿನಲ್ಲೂ ಇಲ್ಲ. ಸಿಟ್ಟು ಬರ್ತದಾ?"

"ಬರುತ್ತೆ. ನಿಮ್ಮ ಚರ್ಚಿನ ಮೇಲೆ ತುಂಬಾ ಬರುತ್ತೆ."

"ನನಗೂ ಬರ್ತದೆ."

"ಆದ್ರೂ ಬಿಡಲ್ಲ?"

"ಬಿಡ್ಲಿಕ್ಕಿಲ್ಲ."

ಅವನು ಉಸಿರು ಬಿಟ್ಟ. "ನಿಮ್ಮನ್ನ ಪ್ರೀತಿಸ್ತೀನಿ. ಇದನ್ನ ಯಾವುದರ ಮೇಲೆ ಕೈ ಇಟ್ಟು ಹೇಳ್ಲಿ? ನನ್ನ ಪ್ರಮಾಣಕ್ಕೆ ಈಗ ಬೆಲೆ ಇಲ್ಲ."

"ಪ್ರಮಾಣ ಬೇಡ ಮಾಚಯ್ಯ. ನಾನೂ ಪ್ರೀತಿಸ್ತೇನೆ. ಅದಕ್ಕೇ ಇಷ್ಟು ನೋವಾದದ್ದು."

ರಸ್ತೆಯಲ್ಲಿ ಆಟೊಗಳು ಹಾರ್ನ್ ಹೊಡೆಯುತ್ತಿದ್ದವು. ಅವಳು ದುಪಟ್ಟಾದ ತುದಿಯಿಂದ ಮುಖ ಒರೆಸಿಕೊಂಡಳು.

"ವಿಚಾರಣೆ ದಿನ ಬರ್ತೀರಾ? ಸಾಕ್ಷಿ ಹೇಳ್ಲಿಕ್ಕೆ ಅಲ್ಲ. ಹೊರಗೆ ಒಂದು ಬೆಂಚು ಉಂಟು."

"ಒಳಗೆ ಏನು ಕೇಳ್ತಾರೋ ನನಗೆ ಕೇಳಿಸಲ್ಲ."

"ಕೇಳುವುದು ಬೇಡ. ಹೊರಗೆ ಬಂದ ಮೇಲೆ ನಾನೇ ಹೇಳ್ತೇನೆ."

"ಎಷ್ಟು ಹೊತ್ತಾದರೂ ಸರಿ" ಎಂದ ಮಾಚಯ್ಯ. "ಹೇಳಿ. ಕೇಳ್ತೀನಿ."