ಅಂಗುಳಿನಲ್ಲಿ ಇಲ್ಲದ ಗಾಯ

ಕತ್ತರಿಸಿ ತೆಗೆದ ಅಂಗುಳು ಉಕ್ಕಿನ ತಟ್ಟೆಯಲ್ಲಿತ್ತು. ಅಂಚಿಗೆ ಅಂಟಿಕೊಂಡಂತೆ ಮೇಲ್ದವಡೆಯ ಚೂರು, ಸಾಲಾಗಿ ಹಲ್ಲು. ಆಸ್ಪತ್ರೆಯ ಲ್ಯಾಬಿನ ಮುಖ್ಯ ವೈದ್ಯೆ ಅದನ್ನು ತೆಳ್ಳಗೆ ಸೀಳಿಸಿ, ಒಂದೊಂದೇ ಸೀಳನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದಳು. ಮತ್ತೊಮ್ಮೆ ಮೊದಲಿನಿಂದ ನೋಡಿದಳು.

ಕ್ಯಾನ್ಸರ್ ಎಲ್ಲೂ ಇರಲಿಲ್ಲ.

ಇದ್ದದ್ದು ಮುಕ್ಕಾಲು ಮಾಗಿದ ಒಂದು ಹುಣ್ಣು. ಜೊಲ್ಲಿನ ಗ್ರಂಥಿಗೆ ರಕ್ತ ಹರಿಯುವುದು ನಿಂತು, ಗ್ರಂಥಿ ಸತ್ತು ಆಗುವ ಹುಣ್ಣು. ತೀರಾ ಅಪರೂಪ. ನೋಡಲು ಥೇಟ್ ಕ್ಯಾನ್ಸರ್, ಆದರೆ ಕೆಲವೇ ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಇಂಥದ್ದಕ್ಕೆ ಒಬ್ಬ ಹೆಂಗಸಿನ ಅಂಗುಳನ್ನೇ ಕಿತ್ತಿದ್ದರು.

ವಿದ್ಯಾರ್ಥಿಗಳು ಬೆನ್ನ ಹಿಂದೆ ಈ ವೈದ್ಯೆಯನ್ನು ಭೂತಗನ್ನಡಿ ಎನ್ನುತ್ತಿದ್ದರು. ಕೊಳೆತ ಮಾಂಸ ಮುಟ್ಟಿದ ಕೈಯನ್ನು ತೊಳೆದುಕೊಂಡು ನೆಮ್ಮದಿಯಾಗಿ ಊಟಕ್ಕೆ ಕೂರುವವಳು. ಅವತ್ತು ಮಾತ್ರ ಬುತ್ತಿ ಬಿಚ್ಚಲಿಲ್ಲ.

\*

ಆಪರೇಷನ್‌ಗೆ ಮೊದಲು ಹುಣ್ಣಿನ ತುಣುಕೊಂದು ಪರೀಕ್ಷೆಗೆ ಬಂದಿತ್ತು. ಅದರಲ್ಲಿ ಕ್ಯಾನ್ಸರ್ ಇದ್ದದ್ದು ನಿಜ. ಅಂದರೆ ಆ ತುಣುಕು ಬೇರೆ ಯಾರದೋ.

ವಿಷಯ ಕೇಳಿದ ಆಸ್ಪತ್ರೆಯ ಅಧೀಕ್ಷಕ ಬೆವರು ಒರೆಸಿಕೊಂಡ. ಆಪರೇಷನ್ ಮಾಡಿದವನು ಸಾಮಾನ್ಯನಲ್ಲ. ಎಲ್ಲರೂ 'ಚಿನ್ನದ ಕೈ' ಎಂದು ಕೊಂಡಾಡುವ ಸರ್ಜನ್. ದೂರದೂರುಗಳಿಂದ ಬಂದ ವೈದ್ಯರು ಸಭಾಂಗಣದಲ್ಲಿ ಕೂತು, ದೊಡ್ಡ ಪರದೆಯ ಮೇಲೆ ಅವನ ಹೊಸ ವಿಧಾನದ ಇದೇ ಆಪರೇಷನ್ನನ್ನು ನೇರವಾಗಿ ನೋಡಿ ಎದ್ದುನಿಂತು ಚಪ್ಪಾಳೆ ತಟ್ಟಿದ್ದರು. ಅಧೀಕ್ಷಕ ಸುಲಭದ ದಾರಿ ಹಿಡಿದ. ಲ್ಯಾಬಿನ ಟೆಕ್ನಿಷಿಯನ್ ಬಾಟಲಿಗಳನ್ನು ಅದಲುಬದಲು ಮಾಡಿರಬೇಕು ಎಂದು ಅವನ ತಲೆಯ ಮೇಲೆ ಗೂಬೆ ಕೂರಿಸಿ, ಕೆಲಸದಿಂದ ನಿಲ್ಲಿಸಿಯೇಬಿಟ್ಟ. ಟೆಕ್ನಿಷಿಯನ್ ತನ್ನ ಚೀಲ ಎತ್ತಿಕೊಂಡು ಮನೆಗೆ ಹೋದ. ಬಡವನ ಕೋಪ ದವಡೆಗೆ ಮೂಲ ಎಂದು ಬಲ್ಲವನು.

ವೈದ್ಯೆಗೂ ಮೊದಮೊದಲು ಅವನ ಮೇಲೆಯೇ ಅನುಮಾನ ಬಂತು. ಆ ತುಣುಕಿನ ಜೊತೆ ಅದೇ ದಿನ ಬಂದಿದ್ದ ಉಳಿದ ತುಣುಕುಗಳನ್ನೆಲ್ಲ ತೆಗೆಸಿ ನೋಡಿದಳು. ಯಾವುದೂ ಅದಲುಬದಲಾಗಿರಲಿಲ್ಲ.

ಕೊನೆಗೆ ಆ ಸುಳ್ಳು ತುಣುಕನ್ನು ಹುದುಗಿಸಿಟ್ಟಿದ್ದ ಮೇಣದಚ್ಚನ್ನು ಇನ್ನೂ ಆಳಕ್ಕೆ ಸೀಳಿಸಿದಳು. ಮೊದಲ ಸೀಳಿನಲ್ಲಿ ಬರೀ ಗಂಟು ಕಂಡಿತ್ತು. ಈಗ ಅಡಿಯಲ್ಲಿ ಅಡ್ಡಡ್ಡ, ಉದ್ದುದ್ದ ಹೆಣೆದುಕೊಂಡ ಸ್ನಾಯು ಕಂಡಿತು. ಅಂಥ ಹೆಣಿಗೆ ಇರುವುದು ನಾಲಿಗೆಯಲ್ಲಿ. ಅಂಚಿನಲ್ಲಿ ಇನ್ನೂ ಒಂದಿತ್ತು: ಹಸಿರು ಶಾಯಿಯ ಸಣ್ಣ ಗೆರೆ.

ಆಕೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು. ಆ ಶಾಯಿ ಬಳಿಯುವವಳು ಆಕೆಯೇ. ಪೂರ್ತಿ ಕತ್ತರಿಸಿ ತಂದ ದೊಡ್ಡ ಗೆಡ್ಡೆಗಳಿಗೆ, ಅಂಚು ಗುರುತಿಸಲು. ಚೂರು ತುಣುಕಿಗೆ ಯಾರೂ ಬಳಿಯುವುದಿಲ್ಲ.

\*

ದಾಸ್ತಾನು ಕೋಣೆಯ ಕಪಾಟಿನಲ್ಲಿ ಕ್ಯಾನ್ಸರ್ ಆಗಿದ್ದ ಹಳೆಯ ರೋಗಿಯೊಬ್ಬನ ಅರ್ಧ ನಾಲಿಗೆ ಗಾಜಿನ ಜಾಡಿಯಲ್ಲಿ ತೇಲುತ್ತಿತ್ತು. ಪಾಠಕ್ಕೆಂದು ಇಟ್ಟದ್ದು. ಆಕೆ ಇಕ್ಕಳದಲ್ಲಿ ಎತ್ತಿ ಹೊರಳಿಸಿದಳು. ಹಸಿರು ಬಳಿದ ಮಗ್ಗುಲಲ್ಲಿ ಪುಟ್ಟ ತೂತು. ಗುಂಡಗೆ, ನೀಟಾಗಿ, ಇಲಿ ಕಚ್ಚಿದಂತಲ್ಲ, ಅಚ್ಚು ಒತ್ತಿದಂತೆ.

ಲ್ಯಾಬಿನಲ್ಲಿ ಇರುವುದು ಚಪ್ಪಟೆ ಅಲಗುಗಳು. ಗುಂಡಗೆ ಕೊರೆಯುವುದು ಪಂಚ್, ಬಾಯಿಯೊಳಗಿಂದ ತುಣುಕು ತೆಗೆಯುವ ಪುಟ್ಟ ಕೊಳವೆ. ಅದು ಸರ್ಜನ್‌ಗಳ ಕೈಯಲ್ಲಿರುತ್ತದೆ.

ಟೆಕ್ನಿಷಿಯನ್‌ನ ಮನೆ ಹುಡುಕಿಕೊಂಡು ಹೋಗಿ ಕೇಳಿದಳು. ಜಾಡಿಯನ್ನು ಪಾಠಕ್ಕೆ ಬೇಕೆಂದು ಚಿನ್ನದ ಕೈಯೇ ಒಯ್ದು ವಾಪಸ್ ಕೊಟ್ಟಿದ್ದನಂತೆ. ಆದರೆ ಅವನ ಮಾತನ್ನು ಯಾರು ನಂಬುತ್ತಾರೆ? ಪಂಚ್ ಕದ್ದು ಇವನೇ ಕೊರೆದ ಎಂದರೆ ಮುಗಿಯಿತು.

ಆಕೆ ಹಿಂದಿರುಗಿ, ಅಂಗುಳಿನ ಸೀಳುಗಳನ್ನು ಮತ್ತೆ ಹರಡಿಕೊಂಡು ಕೂತಳು. ಈ ಸಲ ಹುಡುಕಿದ್ದು ರೋಗವನ್ನಲ್ಲ.

\*

ರೋಗಿ ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳುವವಳು. ಜೊತೆಯವರು ಪ್ರೀತಿಯಿಂದ ಮೈಕಮ್ಮ ಎನ್ನುತ್ತಿದ್ದರು. ತೋಳಿನಿಂದ ತೆಗೆದು ಅಂಗುಳಿಗೆ ಹೊಲಿದ ಮಾಂಸ ಕೊಳೆತು ಕಳಚಿಬಿದ್ದಿತ್ತು. ಕುಡಿದ ನೀರು ಮೂಗಿನಿಂದ ಇಳಿಯುತ್ತಿತ್ತು. ಹಾಸಿಗೆಯ ಪಕ್ಕ ಕೂತ ತಂಗಿ ಅದನ್ನು ಒರೆಸುತ್ತಲೇ ವೈದ್ಯೆಗೆ ಎಲ್ಲ ಹೇಳಿದಳು. ಹಲ್ಲು ಕೀಳಿಸುವಾಗ ಅಂಗುಳಿಗೆ ಚುಚ್ಚಿದ ಸೂಜಿಯ ಜಾಗದಲ್ಲೇ ಹುಣ್ಣೆದ್ದಿತಂತೆ. ಆಪರೇಷನ್‌ಗೆ ಮೊದಲೇ ಸಣ್ಣದಾಗುತ್ತಿತ್ತಂತೆ.

"ಕಮ್ಮಿ ಆಗ್ತಿದೆ ಡಾಕ್ಟ್ರೇ, ಒಂಚೂರು ಕಾಯೋಣ್ವಾ ಅಂತ ಅಕ್ಕ ಕೇಳಿದ್ಲು," ಎಂದಳು ತಂಗಿ. "ಮೋಸ ಮಾಡೋ ರೋಗ ಇದು ಅಂದ್ರು ಆಪರೇಷನ್ ಡಾಕ್ಟ್ರು."

\*

ಅಧೀಕ್ಷಕನ ಕೋಣೆ. ಒಂದು ಮೂಲೆಯಲ್ಲಿ ಟೆಕ್ನಿಷಿಯನ್. ಕಿಟಕಿಯ ಬಳಿ, ವೈದ್ಯೆಯೇ ದೂರು ಕೊಟ್ಟು ಕರೆಸಿದ್ದ ಇನ್‌ಸ್ಪೆಕ್ಟರ್. ಚಿನ್ನದ ಕೈ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಲ್ಯಾಬಿನವರ ಬೇಜವಾಬ್ದಾರಿಗೆ ತನಗೂ ಬೇಸರವಿದೆ ಎಂದ.

"ತುಣುಕು ತೆಗೆದದ್ದು ನೀವೇನಾ?" ವೈದ್ಯೆ ಕೇಳಿದಳು.

"ನಾನೇ. ಪಂಚ್‌ನಲ್ಲಿ."

"ಎಷ್ಟು ಆಳಕ್ಕೆ?"

"ಮೂಳೆ ತಾಗೋವರೆಗೆ. ನಾನು ಮೇಲೆಮೇಲೆ ಕೆರೆಯೋನಲ್ಲ."

"ಹಾಗಾದ್ರೆ ಆ ಗಾಯ ಎಲ್ಲಿ?"

ಅವನಿಗೆ ಅರ್ಥವಾಗಲಿಲ್ಲ. ಆಕೆ ಇನ್‌ಸ್ಪೆಕ್ಟರ್ ಕಡೆ ತಿರುಗಿ ನಿಧಾನವಾಗಿ ಬಿಡಿಸಿ ಹೇಳಿದಳು. ಮೂಳೆಯವರೆಗೆ ಕೊರೆದ ಜಾಗ ಮಾಗಿದರೂ ಒಳಗೆ ಕಲೆ ಉಳಿಯುತ್ತದೆ. ಅಂಗುಳಿನ ಒಂದು ಸೀಳನ್ನೂ ಬಿಡದೆ ನೋಡಿದ್ದಾಳೆ. ಕಲೆ ಇಲ್ಲ. ಅಂದರೆ ಆ ಬಾಯಿಂದ ಯಾರೂ ತುಣುಕು ತೆಗೆದೇ ಇಲ್ಲ. ಟೆಕ್ನಿಷಿಯನ್ ಬದಲಿಸಿದ್ದರೆ, ತುಣುಕು ಬದಲಾಗುತ್ತಿತ್ತು, ಅಂಗುಳಿನ ಗಾಯ ಎಲ್ಲಿಗೆ ಹೋಗುತ್ತಿತ್ತು? ತೆಗೆಯದ್ದನ್ನು ತೆಗೆದೆ ಎಂದು ಹೇಳಿ ಬಾಟಲಿ ಕಳಿಸಿದವನು ಈ ಸರ್ಜನ್ ಒಬ್ಬನೇ. ಜಾಡಿಯ ನಾಲಿಗೆಯಲ್ಲಿ ಅವನ ಪಂಚ್‌ನ ಅಳತೆಯದೇ ತೂತಿದೆ. ಲ್ಯಾಬಿಗೆ ಬಂದ ತುಣುಕಿನಲ್ಲಿ ಆ ನಾಲಿಗೆಯ ಸ್ನಾಯು, ಆಕೆ ಬಳಿದ ಹಸಿರು.

ಯಾಕೆ ಎಂದು ಇನ್‌ಸ್ಪೆಕ್ಟರ್ ಕೇಳಿದ. ಉತ್ತರ ಕೊಟ್ಟವನು ಅಧೀಕ್ಷಕ, ನೆಲ ನೋಡುತ್ತಾ. ಪ್ರದರ್ಶನಕ್ಕೆ ಗೊತ್ತುಮಾಡಿದ್ದ ರೋಗಿ ಹೆದರಿ ಹಿಂದೆ ಸರಿದಿದ್ದ. ಅತಿಥಿಗಳು ಆಗಲೇ ಹೊರಟಿದ್ದರು. ಪರದೆ ಕಟ್ಟಿಯಾಗಿತ್ತು, ಕೊಯ್ಯಲು ಇನ್ನೊಂದು ಅಂಗುಳು ಬೇಕಿತ್ತು.

ಚಿನ್ನದ ಕೈ ವೈದ್ಯೆಯತ್ತ ವಾಲಿದ. ದನಿ ತಗ್ಗಿಸಿ, ವೈದ್ಯರೊಳಗಿನ ಮಾತೆಂಬಂತೆ ಹೇಳಿದ: "ಹೊಲಿಗೆ ನೋಡಿದ್ರಾ ನೀವು? ಒಂದೂ ತಪ್ಪಿಲ್ಲ."

ಅವನ ಉಸಿರಿನಲ್ಲಿ ಏಲಕ್ಕಿಯ ವಾಸನೆಯಿತ್ತು. ಆಕೆ ಎದ್ದುಹೋಗಿ ಕಿಟಕಿ ತೆರೆದಳು. ಹಿಂದೆ ಇನ್‌ಸ್ಪೆಕ್ಟರ್ ಅವನನ್ನು ಏಳಲು ಹೇಳುತ್ತಿದ್ದ.

\*

ಸುದ್ದಿ ಹೇಳುವ ಕೆಲಸವನ್ನು ಆಕೆ ಬೇರೆ ಯಾರಿಗೂ ಬಿಡಲಿಲ್ಲ. ಮಂಚದ ಅಂಚಿನಲ್ಲಿ ಕೂತು ಮೈಕಮ್ಮನಿಗೆ ಎಲ್ಲ ಹೇಳಿದಳು. ತಂಗಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಮೈಕಮ್ಮ ಅಳಲಿಲ್ಲ. ಅವಳ ಮಾತು ಮೂಗಿನಲ್ಲೇ ಸೋರಿಹೋಗುತ್ತಿತ್ತು, ಬಗ್ಗಿ ಕಿವಿಗೊಟ್ಟರೆ ಮಾತ್ರ ತಿಳಿಯುತ್ತಿತ್ತು.

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣಮ್ಮಾ."

ಮೈಕಮ್ಮ ಕೈ ಚಾಚಿ ತಂಗಿಯ ಹತ್ತಿರ ಒದ್ದೆ ಬಟ್ಟೆ ಕೇಳಿದಳು.

"ಎಚ್ಚರ ಆದ ದಿನ, ಉಳಿಸಿದ್ರಿ ಅಂತ ಅವನ ಕೈಯನ್ನ ಕಣ್ಣಿಗೊತ್ಕೊಂಡಿದ್ದೆ," ಎಂದಳು.

ಆ ಬಟ್ಟೆಯಿಂದ ತನ್ನ ರೆಪ್ಪೆಗಳನ್ನು ಉಜ್ಜತೊಡಗಿದಳು. ಕೆಂಪಾದರೂ ನಿಲ್ಲಿಸಲಿಲ್ಲ. ವೈದ್ಯೆ ತಡೆಯಲಿಲ್ಲ, ಬಟ್ಟೆಯನ್ನು ಇನ್ನೊಮ್ಮೆ ನೀರಲ್ಲಿ ಅದ್ದಿ ಹಿಂಡಿ ಅವಳ ಕೈಗೆ ಕೊಟ್ಟಳು.