ಅನುಶ್ರೀ ಮೇಡಂ ಮತ್ತು ಮೊರದ ಬಾಗಿನ

“ಮೇಡಂ, ಯು ಆರ್ ವೆರಿ ಸೆನ್ಸಿಟಿವ್!”

ಮೊದಲ ದಿನವೇ, ಇಡೀ ಕ್ಲಾಸಿನ ಎದುರು! ಟೀಚರ್ ಬಗ್ಗೆ ಒಂದು ವಾಕ್ಯ ಹೇಳಿ ಎಂದಿದ್ದಕ್ಕೆ ಈ ಉತ್ತರ. ಚನ್ನರಾಯಪಟ್ಟಣದ ಆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೊಸದಾಗಿ ಸೇರಿದ್ದ ತೆಂಗಿನಕಾಯಿ ವ್ಯಾಪಾರಿ ಹರ್ಷವರ್ಧನ್ ಹಲ್ಲು ಬಿಟ್ಟು ನಿಂತಿದ್ದ. ಅನುಶ್ರೀಯ ಕೆನ್ನೆ ಕೆಂಪಾಯಿತು.

“ಹೊಗಳಿದ್ರಾ, ಬೈದ್ರಾ?”

“ಒಗಳ್ದೆ ಮೇಡಂ! ಬುದ್ಧಿವಂತ್ರು ಅಂತ...”

“ಅದು ಸೆನ್ಸಿಬಲ್. ಯೋಚನೆ ಮಾಡಿ ನಡ್ಕೊಳ್ಳೋರು. ಸಣ್ಣದಕ್ಕೂ ಮನಸ್ಸು ನೊಂದ್ಕೊಳ್ಳೋರು ಸೆನ್ಸಿಟಿವ್. ನೋಡೋಕೆ ಅವಳಿ-ಜವಳಿ, ಗುಣ ಬೇರೆ ಬೇರೆ.”

“ನೀವ್ಯಾವ್ದು ಮೇಡಂ?”

“ಸೆನ್ಸಿಬಲ್!” ಎಂದಳು ಗತ್ತಿನಿಂದ.

ಆ ಗತ್ತು ಮೂರು ತಿಂಗಳೂ ಬಾಳಲಿಲ್ಲ. ಬೆಳಗಿನ ಎಳೆಬಿಸಿಲು ಕಿಟಕಿಯಿಂದ ಇಳಿದು ಅವನ ಪುಸ್ತಕದ ಮೇಲೆ ಬೀಳುವ ಹೊತ್ತಿಗೆ ಅವಳಿಗೆ ಪಾಠವೇ ಮರೆತುಹೋಗುತ್ತಿತ್ತು. ಕನಸಿನಲ್ಲೂ ಅವನೇ... ತಪ್ಪುತಪ್ಪು ಇಂಗ್ಲಿಷ್ ಮಾತಾಡುತ್ತಾ ನಗುತ್ತಿದ್ದ. ಅಲ್ಲಿ ಅವಳು ತಿದ್ದುತ್ತಲೇ ಇರಲಿಲ್ಲ!

ಗೌರಿ ಹಬ್ಬಕ್ಕೆ ಇನ್ನೆರಡು ದಿನವಿತ್ತು. ಎಲ್ಲರಿಗಿಂತ ಮೊದಲು ಬಂದ ಹರ್ಷ ಅವಳ ಮೇಜಿನ ಮೇಲೆ ಮೊರದ ಬಾಗಿನ ಇಟ್ಟ.

“ಬೈಕ್ ನೆರಳಿಗೆ ಆಕ್ಬುಟ್ಟು ಬತ್ತೀನಿ ಮೇಡಂ,” ಎಂದು ಹೊರಗೆ ಹೋದ.

ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ...

ಅನುಶ್ರೀಯ ಎದೆ ಧಸಕ್ಕೆಂದಿತು. ಗೌರಿ ಹಬ್ಬದ ಬಾಗಿನ ತಂದುಕೊಡುವವರು ಅಣ್ಣತಮ್ಮಂದಿರು ತಾನೇ? ಅಂದರೆ ಇವನಿಗೆ ನಾನು... ತಂಗಿಯೇ? ಕಣ್ಣು ತುಂಬಿ ಬಂತು.

ಅವನು ಒಳಗೆ ಬರುತ್ತಿದ್ದಂತೆ ಮೊರವನ್ನು ಅವನ ಕಡೆಗೆ ಸರಿಸಿದಳು.

“ತಗೊಂಡು ಹೋಗಿ. ನಿಮ್ಮನ್ನ ಅಣ್ಣ ಅನ್ನೋಕೆ ನನ್ನಿಂದ ಆಗಲ್ಲ!”

ಹರ್ಷ ಬೆಪ್ಪಾಗಿ ನಿಂತ. “ಅಯ್ಯೋ, ಇದು ಒಳೆನರಸೀಪುರದಲ್ಲಿರೋ ನಮ್ಮಕ್ಕಂಗೆ ಕಣ್ರೀ! ಕ್ಲಾಸ್ ಮುಗಿಸ್ಕಂಡು ಅಂಗೇ ಓಗಾನ ಅಂತ ತಂದೆ. ಮದ್ವೆ ಆಗ್ದೆ ಇರೋರ್ಗೆ ಯಾರಾದ್ರೂ ಬಾಗಿನ ಕೊಟ್ಟಾರಾ?”

ಅದೂ ಹೊಳೆದಿರಲಿಲ್ಲ ಅವಳಿಗೆ! ನಾಚಿ ಮುಖ ಮುಚ್ಚಿಕೊಂಡಳು. ಬಚ್ಚಿಟ್ಟಿದ್ದ ಮಾತು ಹೊರಗೆ ಬಿದ್ದಾಗಿತ್ತು.

“ಮೇಡಂ...” ಅವನ ದನಿ ಮೆತ್ತಗಾಯಿತು. “ಅಣ್ಣ ಅನ್ನಲ್ಲ ಅಂದ್ರಲ್ಲ, ಜೀವ ಬಂತು ನಂಗೆ. ಬರೀ ಇಂಗ್ಲಿಷ್ ಕಲಿಯಾಕೆ ಬತ್ತಿದ್ದೆ ಅಂದ್ಕಂಡ್ರಾ?”

ಬೆರಳ ಸಂದಿಯಿಂದ ನೋಡಿದಳು. ಅವನ ಕಣ್ಣೂ ಒದ್ದೆಯಾಗಿತ್ತು.

“ಮುಂದಿನ್ ಗೌರಿಗೆ ನಿಮ್ಮಣ್ಣ ನಮ್ಮನೆಗೆ ಬಾಗಿನ ತರ್ಲಿ, ಅನುಶ್ರೀ...”

“ನಮ್ಮಣ್ಣಂಗೆ ನಿಮ್ಮನೆ ದಾರಿ ಗೊತ್ತಿಲ್ವಲ್ಲ...” ಎಂದಳು ಪಿಸುದನಿಯಲ್ಲಿ.

“ಗೌರಿ ಅಬ್ಬ ಮುಗೀಲಿ. ಅವ್ವನ್ನ ಕರ್ಕಂಡು ನಾನೇ ಬಂದು ದಾರಿ ಏಳ್ತೀನಿ.”