ಹೀಮೋ ಎಂದರೆ ರಕ್ತ

“ಹೀಮೋಲೈಸಿಸ್ ಅಂದ್ರ?”

“ಹೃದಯ ಕರಗೂದು,” ಎಂದ ಸಂಗನಬಸವ.

ಭಾಗ್ಯಶ್ರೀ ಪೆನ್ನಿನಿಂದ ಅವನ ಬೆರಳಿಗೆ ಮೆಲ್ಲಗೆ ಬಡಿದಳು. “ಹೀಮೋ ಅಂದ್ರ ರಕ್ತ, ಮಾವ! ಗ್ರೀಕರ ಮಾತು. ಹಿಮೋಗ್ಲೋಬಿನ್, ಹೆಮಟಾಲಜಿ, ಎಲ್ಲಾ ಒಂದ ಬೇರಿಂದು. ಬಾಲದಾಗ ‘ಈಮಿಯಾ’ ಅಂತ ಬಂದ್ರೂ ರಕ್ತನ. ಅನೀಮಿಯಾ, ಲ್ಯುಕೀಮಿಯಾ.”

“ನಿನ್ನ ಮಾರಿ ನೋಡಿದ್ರ ಎಲ್ಲಾ ಹೃದಯಕ್ಕ ಹೋಗ್ತಾವ. ನಾ ಏನ್ ಮಾಡ್ಲಿ?”

ಬೇರೆ ದಿನವಾಗಿದ್ದರೆ ಅವಳು ನಗು ಮರೆಸಲು ಮೈಕ್ರೋಸ್ಕೋಪಿನ ಮೇಲೆ ಬಾಗುತ್ತಿದ್ದಳು. ಇಂದು ನಗುವೇ ಬರಲಿಲ್ಲ.

ಸಿಂಧನೂರಿನ ಆ ಸಣ್ಣ ಲ್ಯಾಬಿನಲ್ಲಿ ಅವಳು ಟೆಕ್ನಿಷಿಯನ್. ಅವನು ಸೋದರಮಾವನ ಕಿರಿಮಗ; ಫಾರ್ಮಸಿ ಪರೀಕ್ಷೆಯ ನೆಪ ಹಿಡಿದು ದಿನಾ ಸಂಜೆ ಮಸ್ಕಿಯಿಂದ ಬರುವವನು. ತೊಟ್ಟಿಲಲ್ಲಿದ್ದಾಗಲೇ ಅವಳು ಅವನಿಗೆಂದು ಮಾತಾಗಿತ್ತು. ಅಕ್ಕ ಸುಕನ್ಯಾಳನ್ನೂ ಅದೇ ಮನೆಗೆ, ಅವನ ಅಣ್ಣನಿಗೆ ಕೊಟ್ಟಿದ್ದರು. ಅಕ್ಕನ ಮಗಳು ದೀಪಾ ಮೂರು ವಾರಕ್ಕೊಮ್ಮೆ ರಾಯಚೂರಿಗೆ ಹೋಗಿ ರಕ್ತ ಏರಿಸಿಕೊಳ್ಳುತ್ತಾ ಆರನೇ ವರ್ಷಕ್ಕೆ ತೀರಿಹೋದಳು. ಕೂಸಿನ ಹಣೆಬರಹ ಎಂದರು ಹಿರಿಯರು.

ಪಾಠಕ್ಕೆಂದು ಭಾಗ್ಯಶ್ರೀ ಇಬ್ಬರ ಬೆರಳನ್ನೂ ಚುಚ್ಚಿ ನೋಡಿದ್ದಳು. ಇಬ್ಬರಲ್ಲೂ ರಕ್ತಕಣಗಳು ಸಣ್ಣವು, ಬಣ್ಣಗೆಟ್ಟವು. ದೀಪಾಳ ನೆನಪಾಗಿ, ಹೆಚ್ಚಿನ ಪರೀಕ್ಷೆಗೆ ಇಬ್ಬರ ರಕ್ತವನ್ನೂ ಹೈದರಾಬಾದಿಗೆ ಕಳಿಸಿದ್ದಳು. ರಿಪೋರ್ಟು ಬೆಳಿಗ್ಗೆ ಬಂದಿತ್ತು. ಶುಕ್ರವಾರ ಅತ್ತೆ ಉಡಿ ತುಂಬಿ ಮದುವೆ ಗಟ್ಟಿ ಮಾಡಲು ಬರುವವಳಿದ್ದಳು.

ಡ್ರಾ ಎಳೆದು ಎರಡು ಹಾಳೆ ಅವನ ಮುಂದಿಟ್ಟಳು. “ಈ ಪದ ಬಿಡಿಸು.”

“ಥಲಸೀಮಿಯಾ. ಬಾಲದಾಗ ರಕ್ತ ಐತಿ. ತಲಿಯಾಗ?”

“ಸಮುದ್ರ.”

“ಚಂದ ಐತಲ್ಲ,” ಎಂದವನ ಕಣ್ಣು ಹೆಸರುಗಳ ಮೇಲೆ ನಿಂತಿತು. “ದೀಪಾಗ ಇದ್ದದ್ದು?”

“ಅದ. ನಮ್ಮಿಬ್ಬರಾಗೂ ಅರ್ಧರ್ಧ ಐತಿ. ನಮಗೇನೂ ಆಗಂಗಿಲ್ಲ. ಹುಟ್ಟೋ ಒಂದೊಂದು ಕೂಸಿಗೂ ಪೂರಾ ರೋಗ ಬರೋ ಸಾಧ್ಯತೆ ನಾಲ್ಕರಾಗ ಒಂದು.”

“ಮಕ್ಕಳ ಬ್ಯಾಡಂದ್ರ?”

“ನಿಮ್ಮವ್ವ ಕೇಳ್ತಾಳೇನು?”

“ಹೊಟ್ಯಾಗಿದ್ದಾಗ ನೋಡೂದೈತಲ್ಲ?”

“ಐತಿ. ಬಂದೈತಿ ಅಂದ್ರ ತೆಗಸ್ಬೇಕು.” ಅವಳು ಎರಡೂ ಕೈ ಮುಂದೆ ಚಾಚಿದಳು. “ದೀಪಾನ್ನ ಆಡಿಸಿದ ಕೈ ಇವು. ನನ್ನ ಕೈಲೆ ಆಗಂಗಿಲ್ಲ, ಮಾವ.”

ಅವನು ಆ ಕೈಗಳನ್ನು ಹಿಡಿದುಕೊಂಡ. ಕೊನೆಯ ಬಸ್ಸಿನ ಹೊತ್ತಾಗುವ ತನಕ ಬಿಡಲಿಲ್ಲ.

ಶುಕ್ರವಾರ ಭಾಗ್ಯಶ್ರೀ ರಿಪೋರ್ಟಿನ ಹಾಳೆಗಳನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಣೆಯ ಮೇಲೆ ಕುಳಿತಳು; ಮನೆಯಲ್ಲಿ ಇನ್ನೂ ಯಾರಿಗೂ ಹೇಳಿರಲಿಲ್ಲ. ಅತ್ತೆ ಶೇಖರಮ್ಮ ಅಕ್ಕಿ, ಕುಪ್ಪಸದ ಖಣ ಹಿಡಿದು ಬಗ್ಗಿದಳು.

“ಅವ್ವಾ, ತಡಿ,” ಎಂದ ಸಂಗನಬಸವ. “ನಾ ಈಕಿನ್ನ ಒಲ್ಲೆ.”

“ಏನಂದಿ ಲೇ ಭಾಡ್ಯಾ?” ಅತ್ತೆಯ ಏಟು ಅವನ ಕೆನ್ನೆಗೆ ಬಿತ್ತು. ಅವನು ತಲೆ ಎತ್ತಲಿಲ್ಲ. ಎಲ್ಲ ತಪ್ಪೂ ತನ್ನದೇ ಆಗಲೆಂದು ನಿಂತಿದ್ದ.

“ಹೊಡಿಬ್ಯಾಡ್ರಿ ಅತ್ತಿ!” ಭಾಗ್ಯಶ್ರೀ ಎದ್ದಳು. “ಅವ ಸುಳ್ಳ ಹೇಳಾಕತ್ತಾನ. ನನಗ ಅವನ್ನ ಬಿಟ್ರ ಯಾರೂ ಬ್ಯಾಡ. ಆದ್ರ ಇನ್ನೊಂದು ದೀಪಾನ್ನ ಮಣ್ಣಿಗೆ ಕೊಡಾಕ ನಮ್ಮಿಬ್ಬರಿಗೂ ಆಗಂಗಿಲ್ಲ.” ಹಾಳೆ ಬಿಚ್ಚಿ, ಎಲ್ಲವನ್ನೂ ಹೇಳಿದಳು.

ಬಾಗಿಲಲ್ಲಿದ್ದ ಸುಕನ್ಯಾ ಸದ್ದಿಲ್ಲದೆ ಅಳುತ್ತಿದ್ದಳು. ಶೇಖರಮ್ಮ ಆ ಹಿರಿಸೊಸೆಯ ಕಡೆ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು ಖಣವನ್ನು ಮತ್ತೆ ಎತ್ತಿಕೊಂಡಳು.

“ಕುಂದ್ರವ್ವಾ. ಸೊಸಿಗಂತ ತಂದಿದ್ದೆ. ಮಗಳಂತ ತಗೋ.”

ಭಾಗ್ಯಶ್ರೀ ಸೆರಗು ಒಡ್ಡಿದಳು. ತೆಂಗಿನಕಾಯಿಯನ್ನು ಅವ್ವನ ಕೈಗೆ ಎತ್ತಿಕೊಟ್ಟವನು ಸಂಗನಬಸವನೇ.